ಯಂತ್ರಜನ್ಯ ಹೆಸರುಗಳೂ ಕರ್ನೆಲಿನ ನಿಯಮಗಳೂ: ದಢೇಸುಗೂರಿನ ಒಂದು ಉದಾಹರಣೆಯೊಡನೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಗೆ ಬಂದಾಗ ಅದರೊಡನೆ ಒಂದು ಹೊಸ ಬಗೆಯ ಹೆಸರುಗಳೂ ಬಂದುವು. ಹಳೆಯ ಊರುಗಳ ಹೆಸರುಗಳು ದೇವರಿಂದಲೊ ಹಳ್ಳದಿಂದಲೊ ಮರದಿಂದಲೊ ಮೂಲಪುರುಷನಿಂದಲೊ ಹುಟ್ಟಿದಂಥವು. ಉಪಕಾಲುವೆಗಳ ಹೆಸರುಗಳಾದರೊ ಎಣಿಕೆಯಿಂದ ಹುಟ್ಟಿದುವು. ಇಂತಿಷ್ಟನೆಯ ಉಪಕಾಲುವೆ ಎಂದರೆ ಅಲ್ಲಿನ ಒಕ್ಕಲಿಗೆ ಅದು ಯಾವುದೆಂದು ತಿಳಿಯುತ್ತದೆ. ಮುಂದೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗಾಗಿ ಇದೇ ತಾಲ್ಲೂಕಿನಲ್ಲಿ ಪುನರ್ವಸತಿಯ ನೆಲೆಗಳು ಏರ್ಪಟ್ಟಾಗಲೂ ಹೀಗೆಯೆ ಆಯಿತು. ‘ಆರ್. ಎಚ್. ಕ್ಯಾಂಪ್’ ಎಂಬ ಮೊದಲ ಭಾಗ ಎಲ್ಲಕ್ಕೂ ಸಮಾನ. ಮುಂದಣ ಅಂಕಿ ಮಾತ್ರ ಬೇರೆ. ಹೆಸರಿಡುವವನ ಕಲ್ಪನೆಗೆ ಇಲ್ಲಿ ಎಡೆಯಿಲ್ಲ. ನಿಯಮವೆ ಹೆಸರನ್ನು ಹೆತ್ತಿದೆ.

ಕಂಪ್ಯೂಟರುಗಳಲ್ಲಿ ಇಂಥ ಹೆಸರುಗಳು ಇಂದು ಲೆಕ್ಕವಿಲ್ಲದಷ್ಟು ಹುಟ್ಟುತ್ತಿವೆ. ಕಡತಗಳಿಗೆ, ಜಾಲಸಂಪರ್ಕಗಳಿಗೆ, ನಡೆಯುತ್ತಿರುವ ಕಾರ್ಯಗಳಿಗೆ ಮನುಷ್ಯನು ಹೆಸರಿಡುವುದು ಅಪರೂಪ. ಒಂದು ಕ್ರಮವಿಧಿಯು ಊರು, ದಿನಾಂಕ, ಅಂಕಿ ಮೊದಲಾದುವನ್ನು ಜೋಡಿಸಿ ಹೆಸರನ್ನು ತಾನೆ ಕಟ್ಟುತ್ತದೆ. ಹೀಗೆ ಕಟ್ಟಿದ ಹೆಸರನ್ನು ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯು ಒಪ್ಪಿಕೊಳ್ಳಬೇಕು. ಅದು ಒಪ್ಪದಿದ್ದರೆ ಕೆಲಸ ನಿಲ್ಲುತ್ತದೆ. ಅರ್ಧ ಒಪ್ಪಿ ಉಳಿದುದನ್ನು ಕತ್ತರಿಸಿದರೆ ಇನ್ನೂ ಕೆಟ್ಟ ಪರಿಣಾಮವುಂಟಾಗುತ್ತದೆ. ಈ ಹೆಸರುಗಳನ್ನು ನಿಯಮಕ್ಕೆ ಹೊಂದಿಸುವ ಬಗೆ ಹೇಗೆ, ಕನ್ನಡದ ಹೆಸರುಗಳ ವಿಷಯದಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಏನು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಉದಾಹರಣೆಗಾಗಿ ಸಿಂಧನೂರು ತಾಲ್ಲೂಕಿನ ದಢೇಸುಗೂರನ್ನು ಆರಿಸಿಕೊಂಡಿದ್ದೇವೆ. ಅಲ್ಲಿ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಸಂಶೋಧನಾ ಕೇಂದ್ರವಿದೆ. ಅಂಥ ಕ್ಷೇತ್ರದಲ್ಲಿ ಗದ್ದೆಗಳ ನೀರಿನ ಮಟ್ಟವನ್ನು ಅಳೆಯುವ 300 ಮಾಪಕಗಳನ್ನಿರಿಸಿ, ಪ್ರತಿಯೊಂದಕ್ಕೂ ಒಂದು ಜಾಲಸಂಪರ್ಕವನ್ನು ಕಲ್ಪಿಸಿದರೆಂದು ಭಾವಿಸೋಣ. ಮಾಪಕಗಳು ನಮ್ಮ ಊಹೆಯವು. ಅವುಗಳ ಹೆಸರುಗಳಿಗೆ ಒದಗುವ ತೊಡಕುಗಳು ಮಾತ್ರ ವಾಸ್ತವವಾದುವು.

ಕರ್ನೆಲ್ ಮತ್ತು ಅದರ ನಿಯಮಗಳು

ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ಯಂತ್ರಭಾಗಗಳಿಗೂ ನಾವು ಬಳಸುವ ಕ್ರಮವಿಧಿಗಳಿಗೂ ನಡುವೆ ನಿಂತು, ನೆನಪಿನ ಕೋಶ, ಕಡತ, ಜಾಲ ಇವುಗಳನ್ನು ಹಂಚಿಕೊಡುವುದು ಅದರ ಕೆಲಸ. ಲೈನಸ್ ಟೋರ್ವಾಲ್ಡ್ಸ್ ಎಂಬವರು 1991ರಲ್ಲಿ ಪ್ರಕಟಿಸಿದ ಲಿನಕ್ಸ್ ಕರ್ನೆಲ್ ಇಂದು ವಿದ್ಯಾರ್ಥಿಯ ಕೈಯ ಮೊಬೈಲಿನಿಂದ ಹಿಡಿದು ಮಹಾಗಣಕಗಳವರೆಗೆ ವ್ಯಾಪಿಸಿರುವುದರಿಂದ ಅದನ್ನೇ ಆಧಾರವಾಗಿಟ್ಟುಕೊಂಡಿದ್ದೇವೆ.

ಇದರ ನಿಯಮಗಳಿಗೆ ಒಂದು ಪೂರ್ವೇತಿಹಾಸವುಂಟು. 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಯುನಿಕ್ಸ್ ವ್ಯವಸ್ಥೆ ಹುಟ್ಟಿತು. ಅದರ ಹಳೆಯ ರೂಪಗಳಲ್ಲಿ ಕಡತಸೂಚಿಯ ಪ್ರತಿಯೊಂದು ನಮೂದಿಗೂ 16 ಬೈಟುಗಳಷ್ಟು ಜಾಗವಿತ್ತು. ಎರಡು ಬೈಟುಗಳು ಕಡತದ ಕ್ರಮಸಂಖ್ಯೆಗೆ ಹೋದರೆ ಹೆಸರಿಗೆ ಉಳಿಯುತ್ತಿದ್ದುದು 14. ಬರ್ಕಲಿಯಲ್ಲಿ ಸಿದ್ಧವಾದ 1983ರ ಯುನಿಕ್ಸ್ ಆವೃತ್ತಿಯು ಈ ಮಿತಿಯನ್ನು 255ಕ್ಕೆ ಏರಿಸಿತು. ಲಿನಕ್ಸಿನ ಸಾಮಾನ್ಯ ಕಡತವ್ಯವಸ್ಥೆಗಳಲ್ಲಿಯೂ ಇದೇ ಮಿತಿಯಿದೆ.

ಇಂದಿನ ನಿಯಮಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಕಡತದ ಹೆಸರು. ಅದು 255 ಬೈಟುಗಳನ್ನು ಮೀರಕೂಡದು. ಅದರೊಳಗೆ ಓರೆಗೆರೆಯೂ (/) ಶೂನ್ಯಬೈಟೂ ಬರಕೂಡದು. ಒಂದು ಚುಕ್ಕೆ ಅಥವಾ ಎರಡು ಚುಕ್ಕೆಗಳಷ್ಟೆ ಇರುವ ಹೆಸರುಗಳು ಬೇರೆ ಕೆಲಸಕ್ಕೆ ಮೀಸಲಾಗಿವೆ. ಎರಡನೆಯದು ಜಾಲಸಂಪರ್ಕದ ಹೆಸರು. ಇದಕ್ಕೆ 16 ಬೈಟುಗಳ ಜಾಗ. ಕೊನೆಯದು ಮುಕ್ತಾಯಸೂಚಕವಾದ ಶೂನ್ಯಬೈಟಾದುದರಿಂದ ದೊರೆಯುವುದು 15. ಓರೆಗೆರೆ, ವಿವರಣಚಿಹ್ನೆ (:), ತೆರಪು ಇವು ಮೂರೂ ಇಲ್ಲಿ ನಿಷಿದ್ಧ. ಮೂರನೆಯದು ನಡೆಯುತ್ತಿರುವ ಕಾರ್ಯದ ಹೆಸರು. ಇದರ ಮಿತಿಯೂ 15 ಬೈಟುಗಳೆ.

ಮಿತಿ ಮೀರಿದಾಗ ಕರ್ನೆಲ್ ಎಲ್ಲೆಡೆಯೂ ಒಂದೇ ರೀತಿ ವರ್ತಿಸುವುದಿಲ್ಲವೆಂಬುದು ಗಮನಾರ್ಹ. ಕಡತದ ಹೆಸರೂ ಜಾಲಸಂಪರ್ಕದ ಹೆಸರೂ ಉದ್ದವಾದರೆ ಅದು ತಿರಸ್ಕರಿಸಿ ತಪ್ಪನ್ನು ಸೂಚಿಸುತ್ತದೆ. ಕಾರ್ಯದ ಹೆಸರು ಉದ್ದವಾದರೆ ಮಾತ್ರ, ಯಾವ ಸೂಚನೆಯನ್ನೂ ಕೊಡದೆ, 15 ಬೈಟುಗಳನ್ನು ಉಳಿಸಿಕೊಂಡು ಮಿಕ್ಕುದನ್ನು ಬಿಟ್ಟುಬಿಡುತ್ತದೆ. ತಿರಸ್ಕಾರವು ಕೆಲಸಕ್ಕೆ ಅಡ್ಡಿ; ಆದರೆ ಆ ಅಡ್ಡಿ ಕಣ್ಣಿಗೆ ಕಾಣುತ್ತದೆ. ಸದ್ದಿಲ್ಲದ ಕತ್ತರಿಕೆಯು ಕಣ್ಣಿಗೆ ಕಾಣದೆ ಮುಂದೆ ಲೆಕ್ಕವನ್ನೆ ಕೆಡಿಸುತ್ತದೆ.

ಅಕ್ಷರವೂ ಬೈಟೂ

ಮೇಲಣ ಮಿತಿಗಳನ್ನೆಲ್ಲ ಬೈಟುಗಳಲ್ಲಿ ಹೇಳಿದೆವೇ ಹೊರತು ಅಕ್ಷರಗಳಲ್ಲಿ ಹೇಳಲಿಲ್ಲ. ಇಂಗ್ಲಿಷಿನ ಮಟ್ಟಿಗೆ ಇವೆರಡಕ್ಕೂ ಭೇದವಿಲ್ಲ. ಒಂದು ರೋಮನ್ ಅಕ್ಷರಕ್ಕೆ ಒಂದು ಬೈಟು. ಕನ್ನಡದಲ್ಲಿ ಭೇದವುಂಟು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು 1992ರಲ್ಲಿ ರೂಪಿಸಿದ ಯುಟಿಎಫ್-8 ಎಂಬ ಸಂಕೇತಕ್ರಮವು ಇಂದು ಎಲ್ಲೆಡೆಯೂ ರೂಢಿಯಲ್ಲಿದೆ. ಇದರಲ್ಲಿ ಕನ್ನಡದ ಪ್ರತಿಯೊಂದು ವ್ಯಂಜನವೂ, ಪ್ರತಿಯೊಂದು ಸ್ವರಚಿಹ್ನೆಯೂ, ಕನ್ನಡದ ಪ್ರತಿಯೊಂದು ಅಂಕಿಯೂ ಮೂರು ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ.

‘ದಢೇಸುಗೂರು’ ಎಂಬುದನ್ನೆ ಎಣಿಸಿ ನೋಡೋಣ. ನಮ್ಮ ಕಣ್ಣಿಗೆ ಇದರಲ್ಲಿ ಐದು ಅಕ್ಷರಗಳು: ದ, ಢೇ, ಸು, ಗೂ, ರು. ಯಂತ್ರದ ಎಣಿಕೆಯಲ್ಲಿ ಐದು ವ್ಯಂಜನಗಳೂ ನಾಲ್ಕು ಸ್ವರಚಿಹ್ನೆಗಳೂ ಸೇರಿ ಒಂಬತ್ತು ಸಂಕೇತಗಳು. ಆದುದರಿಂದ 27 ಬೈಟುಗಳು. ಜಾಲಸಂಪರ್ಕದ 15 ಬೈಟುಗಳಲ್ಲಿ ಇದು ಹಿಡಿಯುವುದಿಲ್ಲ. ಕಾರ್ಯವೊಂದಕ್ಕೆ ಈ ಹೆಸರನ್ನಿಟ್ಟರೆ ಮೊದಲ ಐದು ಸಂಕೇತಗಳು ಮಾತ್ರ ಉಳಿದು ‘ದಢೇಸು’ ಎಂದಾಗುತ್ತದೆ. ‘ದಢೇಸುಗೂರು-ಪೂರ್ವ’, ‘ದಢೇಸುಗೂರು-ಪಶ್ಚಿಮ’ ಎಂಬ ಎರಡು ಕಾರ್ಯಗಳಿದ್ದರೆ ಎರಡೂ ‘ದಢೇಸು’ ಆಗಿ ಒಂದಕ್ಕೊಂದು ಬೆರೆತುಹೋಗುತ್ತವೆ. ಹೆಸರಿನ ಮೊದಲು ‘1’ ಎಂಬ ಒಂದೇ ಬೈಟಿನ ಅಂಕಿಯನ್ನು ಸೇರಿಸಿದರೆ ಸ್ಥಿತಿ ಇನ್ನೂ ಕೆಡುತ್ತದೆ: ಉಳಿದ 14 ಬೈಟುಗಳಲ್ಲಿ ನಾಲ್ಕು ಸಂಕೇತಗಳು ಹಿಡಿದು, ಐದನೆಯದರ ಮೂರು ಬೈಟುಗಳಲ್ಲಿ ಎರಡು ಮಾತ್ರ ಉಳಿಯುತ್ತವೆ. ಹೀಗೆ ಮುರಿದ ತುಂಡು ಯಾವ ಅಕ್ಷರವೂ ಅಲ್ಲ. ತೆರೆಯ ಮೇಲೆ ಅದು ಅರ್ಥವಿಲ್ಲದ ಗುರುತಾಗಿ ತೋರುತ್ತದೆ.

ಕಡತದ ಹೆಸರಿನ 255 ಬೈಟುಗಳೂ ಕನ್ನಡಕ್ಕೆ 85 ಸಂಕೇತಗಳಷ್ಟೆ. ವಿಂಡೋಸ್ ವ್ಯವಸ್ಥೆಯ ಎನ್‌ಟಿಎಫ್‌ಎಸ್ ಕಡತವ್ಯವಸ್ಥೆಯಲ್ಲಿ ಎಣಿಕೆಯ ಕ್ರಮ ಬೇರೆಯಾದುದರಿಂದ 255 ಕನ್ನಡ ಸಂಕೇತಗಳಿಗೆ ಎಡೆಯಿದೆ. ಅಲ್ಲಿ ನಿರಾತಂಕವಾಗಿದ್ದ ನೀಳವಾದ ಹೆಸರಿನ ಕನ್ನಡ ಕಡತವನ್ನು ಲಿನಕ್ಸಿಗೆ ನಕಲುಮಾಡುವಾಗ ತಿರಸ್ಕಾರವುಂಟಾಗುವುದಕ್ಕೆ ಇದೇ ಕಾರಣ.

ಇನ್ನೊಂದು ಸೂಕ್ಷ್ಮವುಂಟು. ‘ಢೇ’ ಎಂಬಲ್ಲಿಯ ಏತ್ವವನ್ನು ಎರಡು ಬಗೆಯಾಗಿ ಸಂಕೇತಿಸಬಹುದು: ಏತ್ವಕ್ಕೇ ಮೀಸಲಾದ ಒಂದು ಸಂಕೇತದಿಂದ, ಇಲ್ಲವೆ ಎತ್ವದ ಚಿಹ್ನೆಯ ಮುಂದೆ ದೀರ್ಘದ ಚಿಹ್ನೆಯನ್ನಿರಿಸುವುದರಿಂದ. ಯುನಿಕೋಡ್ ಪ್ರಮಾಣದ ಪ್ರಕಾರ ಇವೆರಡೂ ಸಮಾನ. ಓದುವವನ ಕಣ್ಣಿಗೂ ಭೇದ ತೋರದು. ಕರ್ನೆಲಿಗಾದರೊ ಸಾಮಾನ್ಯವಾಗಿ ಇವು ಬೇರೆ ಬೇರೆ ಬೈಟುಗಳ ಸಾಲು, ಆದುದರಿಂದ ಬೇರೆ ಬೇರೆ ಹೆಸರು. ಒಂದೇ ಕಡತಸೂಚಿಯಲ್ಲಿ ‘ದಢೇಸುಗೂರು’ ಎಂಬ ಎರಡು ಕಡತಗಳು ಪಕ್ಕಪಕ್ಕದಲ್ಲಿ ಇರುವುದು ಇದರಿಂದ ಸಾಧ್ಯವಾಗುತ್ತದೆ. ಎರಡನೆಯ ಬಗೆಯಲ್ಲಿ ಬರೆದ ಹೆಸರು 30 ಬೈಟುಗಳಾಗುತ್ತದೆ. 15ಕ್ಕೆ ಕತ್ತರಿಸಿದರೆ ಉಳಿಯುವುದು ‘ದಢೇಸು’ ಅಲ್ಲ, ‘ದಢೇಸ’.

ಎಲ್ಲಕ್ಕಿಂತ ವಿಚಿತ್ರವಾದುದು ‘ಠ’ ಅಕ್ಷರದ ಸ್ಥಿತಿ. ಇದರ ಮೂರು ಬೈಟುಗಳು 224, 178 ಮತ್ತು 160. ಜಾಲಸಂಪರ್ಕದ ಹೆಸರನ್ನು ಪರೀಕ್ಷಿಸುವಾಗ ಕರ್ನೆಲ್ ಪ್ರತಿಯೊಂದು ಬೈಟನ್ನೂ ಬಿಡಿಯಾಗಿ ನೋಡುತ್ತದೆ. ಆಗ ಅದು ಬಳಸುವ ಕೋಷ್ಟಕವು ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಏರ್ಪಟ್ಟ ಒಂದು ಹಳೆಯ ಲಿಪಿಸಂಕೇತವನ್ನು ಅನುಸರಿಸಿದುದು. ಅದರಲ್ಲಿ 160 ಎಂಬುದು ಒಂದು ಬಗೆಯ ತೆರಪು. ತೆರಪು ನಿಷಿದ್ಧವಾದುದರಿಂದ, ಕೇವಲ ಆರು ಬೈಟುಗಳ ‘ಮಠ’ ಎಂಬ ಪದ ಉದ್ದದ ಮಿತಿಯೊಳಗೆ ಸುಖವಾಗಿ ಹಿಡಿದರೂ, ತಿರಸ್ಕೃತವಾಗುತ್ತದೆ. ಇದು ಕನ್ನಡದ ಮೇಲಣ ದ್ವೇಷದಿಂದ ಆದುದಲ್ಲ; ನಿಯಮವನ್ನು ಬರೆದವರ ಕಣ್ಣಮುಂದೆ ನಮ್ಮ ಲಿಪಿ ಇರಲಿಲ್ಲ, ಅಷ್ಟೆ. ಆದರೆ ಹೆಸರುಗಳನ್ನು ಕಟ್ಟುವವರು ನಾವಾದಾಗ ಇದನ್ನು ಅರಿತಿರಬೇಕಾದ ಹೊಣೆ ನಮ್ಮದು.

ಓರೆಗೆರೆಯ ತೊಡಕು

ನಿಷಿದ್ಧ ಚಿಹ್ನೆಗಳಲ್ಲಿ ನಮ್ಮ ನಾಡಿನ ದಾಖಲೆಗಳಿಗೆ ಹೆಚ್ಚು ಸಂಬಂಧಪಡುವುದು ಓರೆಗೆರೆ. ಕರ್ನಾಟಕದ ಪಹಣಿಗಳನ್ನು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಅಳವಡಿಸಿದ ಮೇಲೆ ಜಮೀನಿನ ಗುರುತು 45/*/12 ಎಂಬ ರೂಪದಲ್ಲಿ ಬರುತ್ತದೆ. ಮೊದಲನೆಯದು ಸರ್ವೆ ನಂಬರು, ಕೊನೆಯದು ಹಿಸ್ಸಾ. ನಡುವಣ ಸ್ಥಾನ ಖಾಲಿಯಿರುವಲ್ಲಿ ನಕ್ಷತ್ರಚಿಹ್ನೆ ನಿಲ್ಲುತ್ತದೆ. ಮೇಲೆ ಹೇಳಿದ ಮಾಪಕಗಳ ದಾಖಲೆಯನ್ನು ಜಮೀನಿನ ಗುರುತಿನಿಂದಲೆ ಹೆಸರಿಸಹೊರಟರೆ ಕರ್ನೆಲ್ ಇದನ್ನು ಒಂದು ಹೆಸರೆಂದು ತಿಳಿಯುವುದಿಲ್ಲ. 45 ಎಂಬ ಕಡತಸೂಚಿಯೊಳಗೆ ನಕ್ಷತ್ರವೆಂಬ ಕಡತಸೂಚಿ, ಅದರೊಳಗೆ 12 ಎಂಬ ಕಡತ ಎಂದು ಅರ್ಥಮಾಡುತ್ತದೆ. ನಕ್ಷತ್ರಚಿಹ್ನೆಯನ್ನು ಕರ್ನೆಲ್ ಆಕ್ಷೇಪಿಸದು. ಆದರೆ ಆಜ್ಞೆಗಳನ್ನು ಓದುವ ಕ್ರಮವಿಧಿಗೆ ಅದು ‘ಎಲ್ಲವೂ’ ಎಂಬ ಅರ್ಥವನ್ನು ಕೊಡುವುದರಿಂದ ಅಪಾಯ ತಪ್ಪಿದ್ದಲ್ಲ.

ಇಂಥಲ್ಲಿ ಸುಲಭವಾಗಿ ತೋಚುವ ಉಪಾಯವೆಂದರೆ ನಿಷಿದ್ಧ ಚಿಹ್ನೆಗಳನ್ನು ಅಳಿಸಿಬಿಡುವುದು. ಹಾಗೆ ಮಾಡಿದರೆ 45/*/12 ಎಂಬುದು 4512 ಆಗುತ್ತದೆ. ಆದರೆ 451/*/2 ಎಂಬುದೂ 4512 ಆಗುತ್ತದೆ. ಮೊದಲನೆಯದು ಒಬ್ಬ ರೈತನ ಹೊಲ, ಎರಡನೆಯದು ಮತ್ತೊಬ್ಬನದು. ಎರಡರ ದಾಖಲೆಗಳೂ ಒಂದೇ ಹೆಸರಿನ ಕಡತಕ್ಕೆ ಹೋಗಿ ಬೀಳುತ್ತವೆ. ಹಿಂದಿನದನ್ನು ಮುಂದಿನದು ಅಳಿಸಿಹಾಕುತ್ತದೆ. ಕರ್ನೆಲ್ ಇದರಲ್ಲಿ ಯಾವ ತಪ್ಪನ್ನೂ ಕಾಣುವುದಿಲ್ಲ. ನಿಯಮಬದ್ಧವಾದ ಹೆಸರು ಸರಿಯಾದ ಹೆಸರೆಂದು ಹೇಳುವಂತಿಲ್ಲವೆಂಬುದು ಇದರಿಂದ ಸ್ಪಷ್ಟ. ಹೆಸರಿನ ಮೊದಲ ಧರ್ಮ ಒಂದನ್ನು ಮತ್ತೊಂದರಿಂದ ಬೇರೆ ಮಾಡಿ ತೋರಿಸುವುದು. ನಿಯಮಕ್ಕೆ ಹೊಂದಿಸುವ ಭರದಲ್ಲಿ ಆ ಧರ್ಮವೆ ಲೋಪವಾದರೆ ಹೆಸರಿಟ್ಟೂ ಫಲವಿಲ್ಲ.

ರೂಢಿಯಲ್ಲಿರುವ ಉಪಾಯಗಳು

ಈ ಇಕ್ಕಟ್ಟನ್ನು ವ್ಯವಸ್ಥೆಗಳನ್ನು ಕಟ್ಟುವವರು ಹೇಗೆ ಪರಿಹರಿಸಿಕೊಂಡಿದ್ದಾರೆಂಬುದನ್ನು ಈಗ ನೋಡಬಹುದು. ಅತ್ಯಂತ ಹಳೆಯದು ಎಣಿಕೆಯ ಕ್ರಮ. ಸಮಾನವಾದ ಮೊದಲ ಭಾಗವನ್ನು ಕೊಟ್ಟರೆ ಕರ್ನೆಲ್ ತಾನೇ ಖಾಲಿಯಿರುವ ಅತಿ ಚಿಕ್ಕ ಅಂಕಿಯನ್ನು ಹುಡುಕಿ ಸೇರಿಸುತ್ತದೆ. ಉಪಕಾಲುವೆಗಳ ಎಣಿಕೆಗೂ ಇದಕ್ಕೂ ಸಾಮ್ಯವಿದೆ. ಆದರೆ ಒಂದು ಮುಖ್ಯವಾದ ಭೇದವೂ ಇದೆ. ಒಂದು ಉಪಕಾಲುವೆ ಮುಚ್ಚಿಹೋಯಿತೆಂದು ಅದರ ಅಂಕಿಯನ್ನು ಬೇರೆ ಕಾಲುವೆಗೆ ಕೊಡುವುದಿಲ್ಲ. ಕರ್ನೆಲ್ ಹಾಗಲ್ಲ, ತೆರವಾದ ಅಂಕಿಯನ್ನು ಮುಂದೆ ಬಂದವನಿಗೆ ಕೊಟ್ಟುಬಿಡುತ್ತದೆ. ಯಂತ್ರವನ್ನು ಮತ್ತೆ ಚಾಲನೆಮಾಡಿದಾಗ ಸಾಧನಗಳು ಬೇರೆ ಅನುಕ್ರಮದಲ್ಲಿ ಕಂಡುಬಂದರೆ ನಿನ್ನೆಯ ಸೊನ್ನೆ ಇಂದು ಒಂದಾಗಬಹುದು.

ಈ ದೋಷವನ್ನು ನಿವಾರಿಸಲೆಂದು ಸಿಸ್ಟಮ್‌ಡಿ ಎಂಬ ವ್ಯವಸ್ಥಾಪಕ ತಂತ್ರಾಂಶವು 2013ರಿಂದ ಸಾಧನದ ಸ್ಥಾನದಿಂದಲೊ ಸಾಧನದ ಯಂತ್ರವಿಳಾಸದಿಂದಲೊ ಹೆಸರನ್ನು ಕಟ್ಟುವ ಪದ್ಧತಿಯನ್ನು ತಂದಿತು. ಯಂತ್ರವಿಳಾಸವೆಂಬುದು ಹದಿನಾರರ ಮಾನದ 12 ಅಂಕಿಗಳು. ಅದರ ಹಿಂದೆ ಸಾಧನದ ಜಾತಿಯನ್ನು ಸೂಚಿಸುವ ಮೂರು ರೋಮನ್ ಅಕ್ಷರಗಳನ್ನು ಸೇರಿಸಿದರೆ ಸರಿಯಾಗಿ 15. ಡಾಕರ್ ಎಂಬ ತಂತ್ರಾಂಶವು ತನ್ನ ಸೇತುವೆಗಳಿಗೆ ಇಡುವ ಹೆಸರೂ ಹೀಗೆಯೆ: ಎರಡು ಅಕ್ಷರ, ಒಂದು ಅಡ್ಡಗೆರೆ, 12 ಅಂಕಿ. ಕ್ಯಾಲಿಕೊ ಎಂಬ ಜಾಲತಂತ್ರಾಂಶವು ನಾಲ್ಕು ಅಕ್ಷರಗಳ ಮುಂದೆ 11 ಅಂಕಿಗಳನ್ನಿಡುತ್ತದೆ. ಈ ಕೂಡಿಕೆಗಳೆಲ್ಲ 15ಕ್ಕೇ ಬಂದು ನಿಲ್ಲುವುದು ಆಕಸ್ಮಿಕವಲ್ಲ. ಕರ್ನೆಲಿನ ಗೋಡೆಗೆ ತಾಗುವವರೆಗೆ ಜಾಗವನ್ನು ಬಳಸಿಕೊಂಡಿದ್ದಾರೆ.

ಗೋಡೆಗೆ ತಾಗುವಂತೆ ಕಟ್ಟಿದವನಿಗೆ ಮುಂದೆ ಬೆಳೆಯಲು ಎಡೆಯಿರುವುದಿಲ್ಲ. ಒಂದೇ ಸಂಪರ್ಕವನ್ನು ಹಲವು ಉಪಜಾಲಗಳಾಗಿ ವಿಂಗಡಿಸುವಾಗ ಮೂಲದ ಹೆಸರಿಗೆ ಒಂದು ಚುಕ್ಕೆಯನ್ನೂ 4094ರವರೆಗಿನ ಒಂದು ಅಂಕಿಯನ್ನೂ ಸೇರಿಸುವ ವಾಡಿಕೆಯಿದೆ. ಮೂಲದ ಹೆಸರೇ 15 ಬೈಟುಗಳಾಗಿದ್ದರೆ ಈ ಸೇರಿಕೆ ಅಸಾಧ್ಯ.

ಹೊಂದಿಸುವ ಕ್ರಮ

ಮೇಲಣ ವಿವೇಚನೆಯಿಂದ ದೊರೆಯುವ ಕ್ರಮವನ್ನು ದಢೇಸುಗೂರಿನ 300 ಮಾಪಕಗಳಿಗೆ ಅನ್ವಯಿಸಿ ತೋರಿಸುತ್ತೇವೆ.

ಮೊದಲನೆಯದಾಗಿ, ಪೂರ್ಣ ಹೆಸರನ್ನು ಒಂದು ನಿಶ್ಚಿತ ರೂಪಕ್ಕೆ ತರಬೇಕು. ಏತ್ವವೇ ಮೊದಲಾದ ಸ್ವರಚಿಹ್ನೆಗಳಿಗೆ ಒಂದೇ ಬಗೆಯ ಸಂಕೇತವಿರಬೇಕು. ಇದಕ್ಕೆ ಯುನಿಕೋಡಿನಲ್ಲೆ ವಿಧಿಸಿದ ಸಮೀಕರಣಕ್ರಮವುಂಟು. ಕಾಗುಣಿತವೂ ಒಂದೇ ಆಗಿರಬೇಕು. ರೋಮನ್ ಲಿಪಿಯಲ್ಲಿ ಈ ಊರಿನ ಹೆಸರನ್ನು ಮಹಾಪ್ರಾಣದ ಗುರುತನ್ನು ಸೇರಿಸಿ ಬರೆಯುವವರೂ ಉಂಟು, ಬಿಟ್ಟು ಬರೆಯುವವರೂ ಉಂಟು. ಯಂತ್ರಕ್ಕೆ ಇವು ಎರಡು ಊರುಗಳು.

ಎರಡನೆಯದಾಗಿ, ನಿಷಿದ್ಧ ಚಿಹ್ನೆಗಳನ್ನು ಅಳಿಸದೆ ಬದಲಾಯಿಸಬೇಕು. ಬದಲಾಯಿಸಿದುದನ್ನು ಹಿಂದಕ್ಕೆ ತಿರುಗಿಸಿ ಮೂಲವನ್ನು ಪಡೆಯುವಂತಿರಬೇಕು. ಓರೆಗೆರೆಗೆ ಅಡ್ಡಗೆರೆಯನ್ನಿಟ್ಟರೆ, ಮೂಲದಲ್ಲಿಯೆ ಇರುವ ಅಡ್ಡಗೆರೆಗೆ ಬೇರೊಂದು ಗುರುತನ್ನು ಗೊತ್ತುಮಾಡಬೇಕು; ಇಲ್ಲದಿದ್ದರೆ ಅಳಿಸಿದಾಗಿನ ದೋಷವೆ ಮತ್ತೊಂದು ವೇಷದಲ್ಲಿ ಬಂದೀತು. ಹೀಗೆ 45/*/12 ಎಂಬುದು 45-0-12 ಎಂದೂ, 451/*/2 ಎಂಬುದು 451-0-2 ಎಂದೂ ಆಗಿ ಬೇರೆಯಾಗಿಯೆ ಉಳಿಯುತ್ತವೆ. ನಡುವಣ ಸ್ಥಾನದಲ್ಲಿ ಸೊನ್ನೆ ಬೇರೆ ಅರ್ಥದಲ್ಲಿ ಬರುವುದಿಲ್ಲವೆಂಬುದನ್ನು ಮಾತ್ರ ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.

ಮೂರನೆಯದಾಗಿ, ಹೆಸರು ಮಿತಿಯನ್ನು ಮೀರಿದರೆ ಬಾಲವನ್ನು ಕತ್ತರಿಸದೆ ಸಂಕ್ಷೇಪಿಸಬೇಕು. ಹ್ಯಾಷ್ ಎಂಬ ಗಣನೆಯು ಎಷ್ಟೇ ಉದ್ದದ ಪಠ್ಯವನ್ನಾದರೂ ಗೊತ್ತಾದ ಉದ್ದದ ಒಂದು ಸಂಖ್ಯೆಯನ್ನಾಗಿ ಮಾಡುತ್ತದೆ. ಅದೇ ಪಠ್ಯಕ್ಕೆ ಯಾವಾಗಲೂ ಅದೇ ಸಂಖ್ಯೆ. ಒಂದು ಸಂಕೇತ ಬದಲಾದರೂ ಸಂಖ್ಯೆ ಪೂರ್ತಿಯಾಗಿ ಬೇರೆಯಾಗುತ್ತದೆ. ‘ಪೂರ್ವ’, ‘ಪಶ್ಚಿಮ’ ಎಂಬ ಭೇದವು ಹೆಸರಿನ ಕೊನೆಯಲ್ಲಿದ್ದರೂ ಅದು ಸಂಖ್ಯೆಯಲ್ಲಿ ಉಳಿಯುವುದು ಹೀಗೆ. ಸಮೀಕರಣವು ಮೊದಲು, ಹ್ಯಾಷ್ ಅನಂತರ, ಎಂಬ ಅನುಕ್ರಮ ತಪ್ಪಬಾರದು.

ಈ ಸಂಖ್ಯೆಯ ಎಷ್ಟು ಅಂಕಿಗಳನ್ನು ಇಟ್ಟುಕೊಳ್ಳಬೇಕೆಂಬುದು ಲೆಕ್ಕದ ಪ್ರಶ್ನೆ. ಹದಿನಾರರ ಮಾನದ ನಾಲ್ಕು ಅಂಕಿಗಳಿಂದ 65,536 ಬೇರೆ ಬೇರೆ ಸಂಖ್ಯೆಗಳಾಗುತ್ತವೆ. ಮಾಪಕಗಳು 300 ಮಾತ್ರವಾದುದರಿಂದ ಇದು ಧಾರಾಳವೆಂದು ತೋರಬಹುದು. ಆದರೆ 300 ಹೆಸರುಗಳಲ್ಲಿ 44,850 ಜೋಡಿಗಳಿವೆ. ಯಾವುದಾದರೂ ಒಂದು ಜೋಡಿಗೆ ಒಂದೇ ಸಂಖ್ಯೆ ಬರುವ ಸಂಭವ ಸುಮಾರು ಅರ್ಧದಷ್ಟು. ಏಳು ಅಂಕಿಗಳನ್ನಿಟ್ಟರೆ ಸಂಭವವು ಸುಮಾರು 6,000ದಲ್ಲಿ ಒಂದಕ್ಕೂ, ಹನ್ನೊಂದನ್ನಿಟ್ಟರೆ ಸುಮಾರು 39 ಕೋಟಿಯಲ್ಲಿ ಒಂದಕ್ಕೂ ಇಳಿಯುತ್ತದೆ. ಹನ್ನೊಂದು ಅಂಕಿಗಳನ್ನಿಟ್ಟರೆ ಉಪಜಾಲದ ಅಂಕಿಗೆ ಎಡೆಯುಳಿಯದು. ಆದುದರಿಂದ ಊರನ್ನು ಸೂಚಿಸುವ ಮೂರು ರೋಮನ್ ಅಕ್ಷರಗಳು, ಹ್ಯಾಷಿನ ಏಳು ಅಂಕಿಗಳು, ಒಟ್ಟು 10 ಬೈಟುಗಳು ಎಂಬುದು ನಮಗೆ ಯುಕ್ತವಾಗಿ ತೋರುತ್ತದೆ. ಚುಕ್ಕೆಗೂ ನಾಲ್ಕು ಅಂಕಿಗಳ ಉಪಜಾಲಸಂಖ್ಯೆಗೂ ಮಿಕ್ಕ ಐದು ಬೈಟುಗಳು ಸಾಲುತ್ತವೆ.

ನಾಲ್ಕನೆಯದಾಗಿ, ಹೊಸ ಹೆಸರನ್ನು ಕರ್ನೆಲಿಗೆ ಒಪ್ಪಿಸುವ ಮೊದಲೇ ಪರೀಕ್ಷಿಸಬೇಕು: ಉದ್ದವನ್ನು ಬೈಟುಗಳಲ್ಲಿ ಅಳೆದು, ನಿಷಿದ್ಧ ಬೈಟುಗಳಿಲ್ಲವೆಂದು ನೋಡಿ, ಈಗಾಗಲೆ ಬಳಕೆಯಲ್ಲಿರುವ ಹೆಸರಿನೊಡನೆ ತಾಳೆಹಾಕಬೇಕು. ತಾಳೆಯಾದರೆ ಹ್ಯಾಷಿಗೆ ಕೊಡುವ ಪಠ್ಯದ ಕೊನೆಗೆ ಒಂದು ಅಂಕಿಯನ್ನು ಸೇರಿಸಿ ಮತ್ತೆ ಗಣಿಸಬೇಕು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಒಂದು ದಾಖಲೆಪುಸ್ತಕ. ಹ್ಯಾಷಿನಿಂದ ಮೂಲಹೆಸರಿಗೆ ಹಿಂದಿರುಗುವ ಮಾರ್ಗವಿಲ್ಲ. ಹೀಗಿರಲಾಗಿ ಚಿಕ್ಕ ಹೆಸರು, ಪೂರ್ಣ ಕನ್ನಡದ ಹೆಸರು, ಅದು ಏರ್ಪಟ್ಟ ದಿನ, ರದ್ದಾದ ದಿನ ಇವುಗಳನ್ನು ಒಂದೆಡೆ ಬರೆದಿಡತಕ್ಕದ್ದು. ರದ್ದಾದ ಹೆಸರನ್ನು ಮತ್ತೊಂದಕ್ಕೆ ಕೊಡತಕ್ಕದ್ದಲ್ಲ. ಈ ಮಾತಿನಲ್ಲಿ ಕರ್ನೆಲಿಗಿಂತ ಉಪಕಾಲುವೆಗಳ ಪದ್ಧತಿಯೆ ನಮಗೆ ಮಾದರಿ.

ಉಪಸಂಹಾರ

ಕರ್ನೆಲ್ ತನ್ನ ಮಿತಿಯನ್ನೆ ಏಕೆ ವಿಸ್ತರಿಸಬಾರದೆಂದು ವಿದ್ಯಾರ್ಥಿಗಳು ಕೇಳಬಹುದು. 16 ಬೈಟುಗಳ ಆ ಜಾಗವು ಕರ್ನೆಲಿಗೂ ಅದನ್ನು ಬಳಸುವ ಅಸಂಖ್ಯ ಕ್ರಮವಿಧಿಗಳಿಗೂ ನಡುವಣ ಒಪ್ಪಂದದ ಭಾಗವಾಗಿದೆ. ಅದನ್ನು ಹಿಗ್ಗಿಸಿದರೆ ಹಳೆಯ ಕ್ರಮವಿಧಿಗಳು ಮುರಿದುಬೀಳುತ್ತವೆ. ಆದುದರಿಂದ ಬೇರೊಂದು ದಾರಿಯನ್ನು ಹಿಡಿದಿದ್ದಾರೆ: 2020ರ ಜನವರಿಯಲ್ಲಿ ಹೊರಬಂದ ಲಿನಕ್ಸ್ 5.5ರಿಂದ ಮೊದಲುಗೊಂಡು, ಜಾಲಸಂಪರ್ಕವೊಂದಕ್ಕೆ ಮೂಲ ಹೆಸರಿನ ಜೊತೆಗೆ 127 ಬೈಟುಗಳವರೆಗಿನ ಪರ್ಯಾಯ ಹೆಸರುಗಳನ್ನು ಕೊಡಬಹುದಾಗಿದೆ. 27 ಬೈಟುಗಳ ‘ದಢೇಸುಗೂರು’ ಉದ್ದದ ದೃಷ್ಟಿಯಿಂದ ಅದರಲ್ಲಿ ಕತ್ತರಿಸದೆ ಹಿಡಿಯುತ್ತದೆ.

ನಿಯಮಗಳಿಗೆ ಹೊಂದುವ ಕೆಲಸವನ್ನು ಕೊನೆಯ ಗಳಿಗೆಯ ಕತ್ತರಿಗೆ ಬಿಡಬಾರದೆಂಬುದು ಈ ವಿವೇಚನೆಯ ಸಾರ. ಕರ್ನೆಲ್ ಬೈಟುಗಳನ್ನು ಬಲ್ಲದು. ಅಕ್ಷರವನ್ನರಿಯದು, ಊರನ್ನರಿಯದು, ಹೊಲ ಯಾರದೆಂಬುದನ್ನೂ ಅರಿಯದು. ಅದನ್ನು ಬಲ್ಲವರು ಹೆಸರು ಕಟ್ಟುವ ಕ್ರಮವಿಧಿಯನ್ನು ಬರೆಯುವ ನಾವು. ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುವವರು ತಮ್ಮ ತಮ್ಮ ಊರಿನ ಹೆಸರುಗಳನ್ನೆ ವಿದ್ಯಾರ್ಥಿಗಳಿಂದ ಬೈಟುಗಳಲ್ಲಿ ಎಣಿಸಿಸಿ, 15ಕ್ಕೆ ಕತ್ತರಿಸಿಸಿ ನೋಡುವುದು ಒಳ್ಳೆಯದು. ತನ್ನ ಊರಿನ ಹೆಸರು ಎಲ್ಲಿ ಮುರಿಯಿತೆಂಬುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಯು ಮತ್ತೊಬ್ಬರ ಊರಿನ ಹೆಸರನ್ನು ಮುರಿಯುವ ಕ್ರಮವಿಧಿಯನ್ನು ಬರೆಯಲಾರನೆಂದು ನಂಬಿದ್ದೇವೆ.